ನೀಲಿ ದೀಪದ ಸ್ವಿಚ್ಚು

ನನ್ನ ಓರಗಿತ್ತಿ ಸೂಜಿಗೆ ದಾರ ಪೋಣಿಸುತ್ತಿದ್ದದ್ದನ್ನು ನೀವು ನೋಡಬೇಕಿತ್ತು. ಕಣ್ಣು ಕಿರಿದು ಮಾಡುವುದಿಲ್ಲ, ತುದಿಗೆ ಎಂಜಲು ಹಚ್ಚುವುದಿಲ್ಲ. ಮಾತಾಡುತ್ತ ಮಾತಾಡುತ್ತಲೇ ದಾರ ಆಚೆ ಬಂದಿರುತ್ತಿತ್ತು. ಅವಳು ಹಿರಿಸೊಸೆ, ನಾನು ಕಿರಿಸೊಸೆ. ಅಕ್ಕ ಅಂತಲೇ ಕರೆಯುತ್ತಿದ್ದೆ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ದುಡಿದೆವು. ನಾನು ಬಟ್ಟೆ ಒಗೆಯುವ ಕೋಣೆಯಲ್ಲಿ, ಅವಳು ಆಪರೇಷನ್ ಥಿಯೇಟರಿನ ನೆಲ ಒರೆಸುವುದಕ್ಕೆ.

ಥಿಯೇಟರಿನ ಛಾವಣಿಯಲ್ಲಿ ಎರಡು ಉದ್ದ ಟ್ಯೂಬು. ಹಚ್ಚಿದರೆ ತಣ್ಣನೆಯ ನೀಲಿ ಬೆಳಕು. ರೋಗದ ಹುಳ ಸಾಯಲಿ ಅಂತ ಬೆಳಿಗ್ಗೆ ಒಂದು ಗಂಟೆ ಹೊತ್ತು ಉರಿಸಬೇಕು, ಆಗ ಒಳಗೆ ನರಪಿಳ್ಳೆಯೂ ಇರಕೂಡದು. ಅಲ್ಲೊಬ್ಬ ಸೂಪರ್‌ವೈಸರ್ ಇದ್ದ. ಸೊಂಟದ ಕೀಲಿಗೊಂಚಲು ಝಣಗುಟ್ಟಿಸುತ್ತ ಓಡಾಡುತ್ತಿದ್ದುದರಿಂದ ನಾವು ಅವನಿಗಿಟ್ಟ ಹೆಸರು ಗೆಜ್ಜೆ. ಥಿಯೇಟರಿನ ಬೀಗ ತೆಗೆಯಬೇಕಾದವನು ಅವನೇ, ವಾರಕ್ಕೆ ಎರಡು ಮೂರು ದಿನ ಬರುತ್ತಿದ್ದದ್ದೇ ತಡವಾಗಿ. ಎಂಟಕ್ಕೆ ಮೊದಲ ಆಪರೇಷನ್. ಒರೆಸಿ ಮುಗಿದ ಮೇಲೆ ದೀಪ ಹಚ್ಚಿದರೆ ಹೊತ್ತು ಸಾಲದು. ಅಕ್ಕ ಒಳಗಿರುವಾಗಲೇ ಹೊರಗಿನ ಸ್ವಿಚ್ಚು ಒತ್ತಿಬಿಡುತ್ತಿದ್ದ. ಕೇಳಿದ್ದಕ್ಕೆ, "ಬರೀ ಬಣ್ಣದ ದೀಪ ಕಣಮ್ಮ, ನಿನ್ನನ್ನೇನು ತಿನ್ನುತ್ತಾ?" ಅಂದಿದ್ದ. ಐದು ವರ್ಷ ಹೀಗೇ ನಡೆಯಿತು.

ಅಂಥ ದಿನ ಸಂಜೆಯಾದರೆ ಅಕ್ಕನ ಕಣ್ಣಿಗೆ ಮರಳು ಎರಚಿದ ಹಾಗಾಗುತ್ತಿತ್ತು. ಒದ್ದೆಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ಗಂಡ ಅಳಿಸಿ ಕಣ್ಣು ಕೆಂಪಾದರೆ ತಪ್ಪನ್ನು ದೀಪದ ಮೇಲೆ ಹಾಕುತ್ತಾಳೆ ಎಂದು ಗೆಜ್ಜೆ ಎಲ್ಲರನ್ನೂ ನಗಿಸುತ್ತಿದ್ದ.

ಆ ಕೋಣೆಯ ಪರದೆಗಳು ಒಗೆಯಲು ನನ್ನ ಹತ್ತಿರ ಬರುತ್ತಿದ್ದವು. ದೀಪದ ಕಡೆಯ ಮಗ್ಗುಲು ಬಿಳಿಚಿಕೊಂಡು, ಹಿಂಡಿದರೆ ಒಣಗಿದ ಎಲೆಯ ಹಾಗೆ ಹರಿಯುತ್ತಿತ್ತು. ಬೇರೆ ಕೋಣೆಗಳ ಪರದೆ ಅದೇ ಬಟ್ಟೆ, ಗಟ್ಟಿಮುಟ್ಟಾಗಿತ್ತು. ಬಟ್ಟೆಯನ್ನೇ ತಿನ್ನುವುದು ಕಣ್ಣನ್ನು ಬಿಟ್ಟೀತೇ ಅನ್ನಿಸಿ ಅಕ್ಕನನ್ನು ಕಣ್ಣಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ಅವರು ಬಿಡಿಸಿ ಹೇಳಿದರು. ಆ ದೀಪದಲ್ಲಿ ನಮಗೆ ಕಾಣದ ಇನ್ನೊಂದು ಬೆಳಕಿದೆ, ಅತಿನೇರಳೆ ಅಂತ. ಕಣ್ಣಿನ ಮುಂದುಗಡೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಕಾರ್ನಿಯಾಕ್ಕೆ ಅದು ಬಡಿದರೆ ಅಲ್ಲಿನ ಆಮ್ಲಜನಕ ಕೆರಳಿ, ಕಬ್ಬಿಣವನ್ನು ತುಕ್ಕು ತಿಂದ ಹಾಗೆ ಆ ಪೊರೆಯನ್ನು ತಿನ್ನುತ್ತದೆ. ತಡೆಯುವ ಶಕ್ತಿ ಕಣ್ಣಿನಲ್ಲೇ ಒಂದಿಷ್ಟಿರುತ್ತದೆ, ಒಂದು ಏಟನ್ನು ತಾನೇ ಮಾಯಿಸಿಕೊಳ್ಳುತ್ತದೆ. ಮಾಯುವ ಮೊದಲೇ ಮತ್ತೆ ಮತ್ತೆ ಬಿದ್ದರೆ ಆ ಶಕ್ತಿ ಬರಿದಾಗಿ ಗಾಜು ಮಬ್ಬಾಗಿಯೇ ಉಳಿಯುತ್ತದೆ. ಅಕ್ಕನದು ಆಗಲೇ ಹಾಗೆ ಮಬ್ಬಾಗಿಬಿಟ್ಟಿತ್ತು.

ಹೋಗಲಿ ಬಿಡಿ ಅಂದರು ನಮ್ಮ ಯಜಮಾನರು, ಆಗ ಇನ್ನೂ ಇದ್ದರು. ನಾವು ಬಿಡಲಿಲ್ಲ, ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ದೂರು ಕೊಟ್ಟೆವು. ದೀಪದಿಂದ ಹಾನಿಯೆಂದು ತನಗೆ ಗೊತ್ತೇ ಇರಲಿಲ್ಲ, ಅವಳೇ ಹೇಳದೆ ಕೇಳದೆ ಒಳಗೆ ನುಗ್ಗುತ್ತಿದ್ದಳು ಎಂದು ಗೆಜ್ಜೆ ಬರೆದುಕೊಟ್ಟ. ಆ ಕಾಗದ ನಿಂತರೆ ಅಕ್ಕನಿಗೆ ಕಣ್ಣೂ ಇಲ್ಲ, ಕೆಲಸವೂ ಇಲ್ಲ, ಮೇಲೆ ಸುಳ್ಳುಬುರುಕಿ ಎಂಬ ಹೆಸರು. ಅವಳು ಅಳಲಿಲ್ಲ. "ಅವನಿಗೆ ಗೊತ್ತಿತ್ತು ಕಣೇ. ಅದನ್ನ ಅವನ ಬಾಯಿಂದಲೇ ಹೇಳಿಸ್ತೀನಿ," ಎಂದಳು.

ವಿಚಾರಣೆಯ ಬೆಳಿಗ್ಗೆ ದೊಡ್ಡ ಡಾಕ್ಟರು, ದೊಡ್ಡ ಸಿಸ್ಟರು ಜಾಗ ನೋಡಲು ಬಂದು ಥಿಯೇಟರಿನ ಬಾಗಿಲಲ್ಲಿ ನಿಂತರು. ನಾನು ಹರಿದ ಪರದೆ ಹಿಡಿದುಕೊಂಡಿದ್ದೆ. ಒಳಗೆ ಎಂದಿನ ಬಿಳಿ ದೀಪ ಉರಿಯುತ್ತಿತ್ತು. ಗೆಜ್ಜೆ ಕೋಣೆಯ ನಡುವೆ ಹೋಗಿ, ಅವಳು ಎಲ್ಲೆಲ್ಲಿ ನುಗ್ಗುತ್ತಿದ್ದಳು ಎಂದು ಕೈ ಬೀಸಿ ವಿವರಿಸತೊಡಗಿದ. ಅಕ್ಕ ಹೊರಗಿನ ಗೋಡೆ ತಡವಿ ಸ್ವಿಚ್ಚು ಹುಡುಕಿದಳು.

"ಸಾರ್, ನೀಲಿ ದೀಪ ಹಾಕ್ತಾ ಇದೀನಿ. ಬರೀ ಬಣ್ಣದ ದೀಪ ತಾನೇ."

ಟಕ್ ಎಂದಿತು.

ಗೆಜ್ಜೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು, ಬಾಗಿಲಿಗೆ ಡಿಕ್ಕಿ ಹೊಡೆದು, ದೊಡ್ಡ ಡಾಕ್ಟರನ್ನೇ ತಳ್ಳಿಕೊಂಡು ಹೊರಗೆ ಬಿದ್ದ. "ಆಫ್ ಮಾಡೇ, ಕಣ್ಣು ಹೋಗುತ್ತೆ," ಎಂದು ಕಿರುಚಿದ. ಕೀಲಿಗೊಂಚಲು ಕಳಚಿ ನೆಲಕ್ಕೆ ಬಿತ್ತು.

ಒಳಗೆ ಯಾವ ನೀಲಿ ಬೆಳಕೂ ಇರಲಿಲ್ಲ. ಟ್ಯೂಬುಗಳನ್ನು ವೈರ್‌ಮನ್ ಹಿಂದಿನ ದಿನವೇ ಬಿಚ್ಚಿಟ್ಟಿದ್ದ. ಹಾಗೆ ಮಾಡೆಂದು ಕೇಳಿಕೊಂಡವಳು ನಾನು. ಗೆಜ್ಜೆ ತಲೆಯೆತ್ತಿ ನೋಡುವ ಪೈಕಿಯಲ್ಲ ಎಂದು ಲೆಕ್ಕ ಹಾಕಿದವಳು ಅಕ್ಕ.

ದೊಡ್ಡ ಸಿಸ್ಟರು ಅವನ ಕಾಗದವನ್ನು ಅವನ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸಿದರು. ಗೊತ್ತೇ ಇರಲಿಲ್ಲ ಎಂಬಲ್ಲಿಗೆ ಬಂದಾಗ ಕಾಗದ ಮಡಚಿಡಲು ನೋಡಿದ. ಎಷ್ಟು ಚೆನ್ನಾಗಿತ್ತು ಅದನ್ನು ನೋಡುವುದಕ್ಕೆ! ಆ ತಿಂಗಳೇ ಅವನನ್ನು ಕೆಲಸದಿಂದ ತೆಗೆದರು. ಅಕ್ಕನನ್ನು ನನ್ನ ಪಕ್ಕದಲ್ಲಿ ಬಟ್ಟೆ ಮಡಿಸಲು ಹಾಕಿದರು.

ಕ್ಷಮಿಸಿಬಿಡು ಎಂದು ಕೇಳಲು ಅವನ ಹೆಂಡತಿ ಬಂದಿದ್ದಳು. ಅಕ್ಕ ಮಡಿಸುವುದನ್ನು ನಿಲ್ಲಿಸಲಿಲ್ಲ. "ಸೂಜಿಗೆ ದಾರ ಹಾಕಿಕೊಡೋಕೆ ದಿನಾ ಕಳಿಸು ಅವನನ್ನ. ಆಮೇಲೆ ಯೋಚಿಸ್ತೀನಿ," ಎಂದಳು.

ಅವನೆಲ್ಲಿ ಬಂದಾನು. ಅಕ್ಕ ಕಣ್ಮುಚ್ಚುವ ತನಕ ದಾರ ಪೋಣಿಸಿ ಕೊಟ್ಟವಳು ನಾನು, ಪ್ರತಿಸಲವೂ ಅವನಿಗೆ ಹಿಡಿಶಾಪ ಹಾಕಿಕೊಂಡೇ. ಈಗಲೂ ಸೂಜಿ ಹಿಡಿದರೆ ಬಾಯಿಗೆ ಮೊದಲು ಬರುವುದು ಅದೇ.