ಏಣಿಗೆ ಕಟ್ಟಿದ ರುಮಾಲು

ನಮ್ಮ ಕೊಟ್ಟಿಗೆಯ ಗೋಡೆಗೆ ಅಡ್ಡಲಾಗಿ ತೂಗುಹಾಕಿರುವ ಅಲ್ಯೂಮಿನಿಯಂ ಏಣಿಯ ಮೇಲಿನ ಮೆಟ್ಟಿಲಿಗೆ, ಒಗೆದೊಗೆದು ಬಣ್ಣ ಕಳೆದುಕೊಂಡ ಒಂದು ರುಮಾಲು ಕಟ್ಟಿದೆ. ಮುಡಬಿಯ ಮನೆಗೆ ನೀವು ಬಂದರೆ ಅದೇಕೆಂದು ಖಂಡಿತ ಕೇಳುತ್ತೀರಿ. ಕೇಳಿದವರೆದುರು ನಾನು ನಕ್ಕು ಮಾತು ಬದಲಿಸುತ್ತೇನೆ. ಎದುರಿಗಿಲ್ಲದ ನಿಮಗೆ ಹೇಳುವುದು ಸುಲಭ.

ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ನಮ್ಮ ಆಡುಗಳಿಗೆ ಸೊಪ್ಪೇ ಗತಿ. ಬೇಲಿಯ ಗಿಡಗಳನ್ನು ಅಪ್ಪ ನೆಲದ ಮೇಲೆ ನಿಂತೇ ಸವರುತ್ತಾರೆ. ಅಂಗಳದ ಬೇವಿನ ಮರಕ್ಕೆ ಏಣಿ ಬೇಕು. ಹೋದ ವರ್ಷ ಬಿದಿರೇಣಿಯ ಮೆಟ್ಟಿಲು ಮುರಿದು ಅಪ್ಪ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು, ನಡಿಗೆಯಲ್ಲಿ ಒಂದು ಸಣ್ಣ ತಡೆ ಉಳಿಯಿತು. ಇನ್ನೊಮ್ಮೆ ಬಿದ್ದರೆ ಆ ಕಾಲು ಅವರನ್ನು ಹೊರಲಾರದೆಂದು ವೈದ್ಯರು ಹೇಳಿದ್ದು ನನ್ನೊಬ್ಬಳ ಹತ್ತಿರ; ಅಪ್ಪನಿಗೆ ನಾನು ಹೇಳಲಿಲ್ಲ. ಆಡು ಬಿಡಿ ಎಂದರೆ ಬಿಡುವವರಲ್ಲ. ಏಣಿಯನ್ನಾದರೂ ನಾನೇ ಆರಿಸಬೇಕೆಂದುಕೊಂಡೆ.

ಬಸವಕಲ್ಯಾಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಗೋಡೆಗೆ ಒರಗಿದ ಏಣಿಯ ಲೆಕ್ಕವನ್ನು ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸುತ್ತೇನೆ. ಕೊಂಬೆಯ ಎತ್ತರ ಅಳೆದು, ಕರಿಮಣ್ಣಿನಲ್ಲಿ ಹೂತುಹೋಗದಂತೆ ಅಗಲವಾದ ಪಾದಗಳಿರಬೇಕೆಂದು ಬರೆದುಕೊಂಡು, ಹುಮನಾಬಾದಿಗೆ ಹೋದೆ. ಅಲ್ಲಿನ ಏಣಿ ಅಂಗಡಿಯ ಹಿರಿಯರು, ಮರದ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಲೋಹದ ಏಣಿ ಕೊಡುವುದೇ ಇಲ್ಲವೆಂದರು. ಹಾದಿಲ್ಲ ಎಂದೆ. ಆಮೇಲೆ ಕೇಳಿದರು:

"ಬೊಡ್ಡಿಗಿ ಹಚ್ತೀರೋ, ಟೊಂಗಿಗಿ ಹಚ್ತೀರೋ, ಅಕ್ಕಾರ?"

ಕಾಂಡಕ್ಕೆ ಒರಗಿಸಿದರೇನು, ಕೊಂಬೆಗೆ ಒರಗಿಸಿದರೇನು, ವ್ಯತ್ಯಾಸ ನನಗೆ ತಿಳಿಯಲಿಲ್ಲ. ತಿಳಿಯದು ಎನ್ನಲು ನಾಚಿಕೆಯಾಗಿ, ಕೊಂಬೆಗೆ ಎಂದುಬಿಟ್ಟೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಹತ್ತೋರಿಗಿ ಗೊತ್ತಿರತದ ಬಿಡ್ರಿ" ಎಂದು ಏಣಿ ಇಳಿಸಿದರು.

ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತಿ, ಮೆಚ್ಚಿ, ಬೇವಿನ ಕೊಂಬೆಗೆ ಒರಗಿಸಿ ಹತ್ತಿದರು. ಏಣಿಯ ಕಾಲು ನಾನು ಹಿಡಿದಿದ್ದೆ. ಮೇಲೆ ಹೋದವರು ತಲೆಯ ರುಮಾಲು ಬಿಚ್ಚಿ, ಏಣಿಯನ್ನೂ ಕೊಂಬೆಯನ್ನೂ ಕೂಡಿಸಿ ಕಟ್ಟತೊಡಗಿದರು. ಅದೂ ಬಿಗಿಯಾಗಿ ಅಲ್ಲ, ಒಂದು ಗೇಣು ಸಡಿಲ ಬಿಟ್ಟು. ಬರಿದಲೆಯಲ್ಲಿ ಹೊಸ್ತಿಲು ದಾಟದ ಅಪ್ಪನ ಬಿಳಿಗೂದಲನ್ನು ಹಗಲ ಬೆಳಕಿನಲ್ಲಿ ನಾನು ನೋಡಿದ್ದು ಅಂದೇ. ನನ್ನ ಆಯ್ಕೆಯ ಮೇಲೆ ನಂಬಿಕೆಯಿಲ್ಲವೇನೋ ಎಂದು ಒಳಗೊಳಗೇ ನೊಂದೆ. ಅವ್ವ ಕಟ್ಟೆಯ ಮೇಲಿಂದ ಹೇಳಿದಳು: "ನೋಡು, ನಿಮ್ಮಪ್ಪ ನಿನ್ನ ನಿಚ್ಚಣಿಕಿಗಿ ರುಮಾಲ ಸುತ್ತಿ ಸನ್ಮಾನ ಮಾಡಾಕತ್ತಾರ."

ಕೊಡಲಿಯ ನಾಲ್ಕನೆಯ ಏಟಿಗೆ ಕೊಂಬೆಯ ತುದಿ ಸೊಪ್ಪಿನ ಸಮೇತ ಬಿತ್ತು. ಆಡುಗಳು ನುಗ್ಗಿದವು. ಅದೇ ಕ್ಷಣ, ತಲೆಹೊರೆ ಇಳಿಸಿದವರ ಕುತ್ತಿಗೆಯ ಹಾಗೆ, ಉಳಿದ ಕೊಂಬೆ ಸರಕ್ಕನೆ ಏಣಿಯ ತುದಿಗಿಂತ ಮೇಲೆದ್ದಿತು. ಒರಗಲು ಏನೂ ಇಲ್ಲದಾದ ಏಣಿ ಗಾಳಿಯಲ್ಲಿ ಪಕ್ಕಕ್ಕೆ ಜಾರಿತು; ರುಮಾಲಿನ ಕುಣಿಕೆಯಲ್ಲಿ ಜಗ್ಗಿ ನಿಂತಿತು. ಅವ್ವನ ನಗೆ ಅರ್ಧಕ್ಕೇ ನಿಂತಿತ್ತು. ಅಪ್ಪ ಕೊಂಬೆಯನ್ನು ತಬ್ಬಿಕೊಂಡು ನಿಂತಿದ್ದರು, ಎರಡೂ ಪಾದ ಮೆಟ್ಟಿಲ ಮೇಲೆ.

ಅವರು ನೆಲ ಮುಟ್ಟಿದ ಮೇಲೂ ಏಣಿಯ ಕಾಲನ್ನು ನಾನು ಬಿಟ್ಟಿರಲಿಲ್ಲ. "ನಿಚ್ಚಣಿಕಿ ಛಲೋ ಅದ ಯವ್ವಾ," ಎಂದರು, "ಭಾರ ಇಳದ್ರ ಟೊಂಗಿ ಏಳ್ತದ. ಅದಕ್ಕ ಕಟ್ಟೂದು. ಬಿಗಿ ಕಟ್ಟಿದ್ರ ನಿಚ್ಚಣಿಕಿನೂ ಎತ್ತತದ, ಅದಕ್ಕ ಸಡ್ಲ."

ನನ್ನ ಲೆಕ್ಕದ ಗೋಡೆ ಎಂದೂ ಎದ್ದಿರಲಿಲ್ಲ. ಭಾರ ಹೊತ್ತಾಗ ಮುರಿಯುವುದನ್ನಷ್ಟೇ ಎಣಿಸಿದ್ದೆ. ಭಾರ ಇಳಿದಾಗಲೂ ಅಲುಗುವುದುಂಟೆಂದು, ಆಗಲೂ ಹಿಡಿದುಕೊಳ್ಳಲು ಏನಾದರೂ ಬೇಕೆಂದು ತಿಳಿದಿರಲಿಲ್ಲ. ವೈದ್ಯರ ಮಾತನ್ನು ಅಂದು ಮಧ್ಯಾಹ್ನ ಅಪ್ಪನಿಗೆ ಹೇಳಿಬಿಟ್ಟೆ. ಅಂಗಡಿಯ ಪ್ರಶ್ನೆಯನ್ನೂ ಹೇಳಿದೆ. ಮೊದಲನೆಯದಕ್ಕೆ ತಲೆದೂಗಿದರು, ಎರಡನೆಯದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗೆಯಲ್ಲಿ ನನ್ನ ವರ್ಷದ ಭಾರ ಹೇಗೆ ಇಳಿಯಿತೋ ಕಾಣೆ.

ಬಸವಕಲ್ಯಾಣದ ಪೇಟೆಯಿಂದ ಅವರಿಗೆ ಹೊಸ ರುಮಾಲು ತಂದೆ. ಹಳೆಯದು ಏಣಿಗೇ ಉಳಿಯಿತು. ಈಗಲೂ ಅವರು ಹತ್ತುತ್ತಾರೆ. ಹತ್ತುವ ಮೊದಲು ಮೆಟ್ಟಿಲಿನ ಗಂಟನ್ನು ನಾನು ಎಳೆದು ನೋಡುತ್ತೇನೆ. ಮೇಲೆ ಹೋಗಿ ಇನ್ನೊಂದು ತುದಿಯನ್ನು ಕೊಂಬೆಗೆ ಕಟ್ಟಿದ ಮೇಲೆ, ಸಡಿಲು ಒಂದು ಗೇಣು ಇದೆಯೆಂದು ಅವರು ಕೈ ಚಾಚಿ ನನಗೆ ತೋರಿಸುತ್ತಾರೆ.