ಹಿಂದೆ ಮುಂದೆ ಯಾರೂ ಇಲ್ಲದವನ ಫೋಟೋ

ಈ ಭೂಮಿಯ ಮೇಲೆ ತನ್ನಷ್ಟು ಫೋಟೋಗಳಲ್ಲಿ ಬಿದ್ದ ಗಂಡಸು ಇನ್ನೊಬ್ಬ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಅನುಮಾನ ಎಂದು ಲಿಫ್ಟ್ ತಾತ ಹೇಳಿಕೊಳ್ಳುತ್ತಿದ್ದ. ಮಾತು ಸುಳ್ಳಲ್ಲ. ರಾಜಮಹಾರಾಜರು ಜೀವಮಾನದಲ್ಲಿ ಒಮ್ಮೆ, ಕಾಲು ಜೋಮು ಹಿಡಿಯುವವರೆಗೆ ಕತ್ತಿ ಊರಿಕೊಂಡು ನಿಂತು, ಒಂದು ಪಟ ಬರೆಸಿಕೊಂಡರೆ ಅದೇ ಹೆಚ್ಚು. ನಮ್ಮ ತಾತ ಕೂತಲ್ಲೇ ಕೂತು, ಬೆಳಗಿನ ಟೀ ಆರುವುದರೊಳಗೆ ಒಂದು ರಾಜವಂಶಕ್ಕಾಗುವಷ್ಟು ಪಟಗಳಲ್ಲಿ ಬಿದ್ದಿರುತ್ತಿದ್ದ. ಅವನ್ನೆಲ್ಲ ಸಾಲಾಗಿ ಹಾಸಿದರೆ ಚಂದ್ರನವರೆಗೆ ಕಾಲಿಗೆ ಧೂಳು ತಾಕದಂತೆ ನಡೆದುಹೋಗಬಹುದಿತ್ತು.

ಇದಕ್ಕೆ ಕಾರಣ ಅವನ ರೂಪವಲ್ಲ, ಅವನ ಲಿಫ್ಟು. ಹನ್ನೆರಡು ಮಹಡಿಯ ಹಳೆಯ ಕಟ್ಟಡ ಅದು. ಕೆಳಗೆ ಅಂಗಡಿಗಳು, ನಡುವೆ ಆಫೀಸು, ಕಂಪ್ಯೂಟರ್ ಕ್ಲಾಸು, ಹಲ್ಲಿನ ಡಾಕ್ಟರು, ಮೇಲೆ ಬಾಡಿಗೆ ಕೋಣೆಗಳು. ಲಿಫ್ಟಿಗೆ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು. ಒಳಗಿನ ಹಿಂಗೋಡೆಗೆ ನೆಲದಿಂದ ಸೂರಿನವರೆಗೆ ಕನ್ನಡಿ. ವೇಗವನ್ನಂತೂ ಕೇಳಲೇಬೇಡಿ. ಕೆಳಗೆ ಹತ್ತಿದ ಹುಡುಗನಿಗೆ ಹನ್ನೆರಡನೆಯ ಮಹಡಿ ತಲುಪುವಷ್ಟರಲ್ಲಿ ಮೀಸೆ ಚಿಗುರಿರುತ್ತಿತ್ತು. ಜಗಳವಾಡುತ್ತ ಹತ್ತಿದ ಗಂಡಹೆಂಡಿರು ಐದನೆಯದರಲ್ಲಿ ರಾಜಿಯಾಗಿ, ಒಂಬತ್ತನೆಯದರಲ್ಲಿ ಹೊಸದೊಂದು ಜಗಳ ಶುರುಮಾಡಿಕೊಳ್ಳುತ್ತಿದ್ದರು.

ಅಷ್ಟು ಹೊತ್ತು ಹುಡುಗ ಹುಡುಗಿಯರು ಕೈ ಕಟ್ಟಿ ನಿಂತಾರೆಯೇ? ಎದುರಿಗೆ ಕನ್ನಡಿ, ಕೈಯಲ್ಲಿ ಫೋನು. ಒಬ್ಬಳು ಕೆನ್ನೆ ಒಳಗೆಳೆದುಕೊಂಡು, ಒಬ್ಬ ಉಸಿರು ಕಟ್ಟಿ ಎದೆ ಉಬ್ಬಿಸಿಕೊಂಡು, ಎಲ್ಲರೂ ಸೆಲ್ಫಿಯೋ ಸೆಲ್ಫಿ. ಅವರ ಬೆನ್ನ ಹಿಂದೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಗುಂಡಿಗಳ ಹಲಗೆಯತ್ತ ತಿರುಗಿ ಕೂತ ತಾತ ಪ್ರತಿಯೊಂದರಲ್ಲೂ ಪುಕ್ಕಟೆಯಾಗಿ ಬೀಳುತ್ತಿದ್ದ.

ಅವನ ವಾಸ ಹನ್ನೆರಡನೆಯದರ ಮೇಲೆ, ತಾರಸಿಯಲ್ಲಿ, ಲಿಫ್ಟಿನ ಯಂತ್ರಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ. ಒಂದು ಮಂಚ, ಒಂದು ತಟ್ಟೆ, ಎರಡು ಲೋಟ. ಎರಡನೆಯ ಲೋಟಕ್ಕೆ ನೆಂಟರು ಯಾರೂ ಬರದೆ, ಅದರಲ್ಲಿ ಹಲ್ಲುಜ್ಜುವ ಬ್ರಷ್ಷು ಸಂಸಾರ ಹೂಡಿತ್ತು. ಕೆಲಸಕ್ಕೆ ಸೇರಿಸಿಕೊಂಡ ದಿನ ಕಟ್ಟಡದ ಸೆಕ್ರೆಟರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಹಿಂದೆ ಮುಂದೆ ಯಾರೂ ಇಲ್ಲದವರೇ ಇದಕ್ಕೆ ಸರಿ, ಹೆಂಡತಿಗೆ ಜ್ವರ ಎಂದು ರಜ ಕೇಳುವುದಿಲ್ಲ ಎಂದಿದ್ದರು. ಹೊಗಳಿಕೆ ಎಂದೇ ತಾತ ತಲೆಯಾಡಿಸಿದ್ದ.

ಪೂರ್ತಿ ನಿಜ ಹೇಳಬೇಕೆಂದರೆ, ಹಿಂದೆ ಒಬ್ಬಳಿದ್ದಳು. ದೂರದ ಊರಿನಲ್ಲಿ, ಮಗನ ಮನೆಯಲ್ಲಿ ಅವನ ಅಕ್ಕ. ತಮ್ಮ ಅಂಬೆಗಾಲಿಡುವಾಗಲೇ ಅಮ್ಮ ತೀರಿಕೊಂಡಿದ್ದರಿಂದ, ಲಂಗ ಹಾಕಿಕೊಳ್ಳುವ ವಯಸ್ಸಿಗೇ ಅವನಿಗೆ ತಾಯಿಯಾದವಳು. ತಮ್ಮನ ತಲೆಯ ಹಿಂಬದಿಯಲ್ಲಿ ಎರಡು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಜನ ಹೇಳುತ್ತಾರೆ. ಇವನ ಸುಳಿಗಳು ಯಾರು ಮೊದಲು ಎಂದು ತಮ್ಮತಮ್ಮಲ್ಲೇ ಕಿತ್ತಾಡಿ ಒಂದನ್ನೂ ಆಗಗೊಡಲಿಲ್ಲ. ಚಿಕ್ಕಂದಿನಲ್ಲಿ ಸಿಟ್ಟು ಬಂದರೆ ಅವನು ಅಕ್ಕನಿಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂರುತ್ತಿದ್ದ. ಆಕೆ ಹಿಂದೆ ಕೂತು ಎಣ್ಣೆ ತಟ್ಟುತ್ತ ಸುಳಿಗಳನ್ನೇ ಮಾತಾಡಿಸುತ್ತಿದ್ದಳು: ನಿಮ್ಮ ಯಜಮಾನರ ಕೋಪ ಇಳಿಯಿತೇನ್ರಪ್ಪ?

ಭಾನುವಾರ ಮಧ್ಯಾಹ್ನ ಕಟ್ಟಡ ಖಾಲಿ. ಆಗ ತಾತ ತನ್ನ ಗುಂಡಿ ಫೋನು ತೆಗೆದು ಅಕ್ಕನಿಗೆ ಕೊಚ್ಚಿಕೊಳ್ಳುತ್ತಿದ್ದ. ಪ್ರಪಂಚವೆಲ್ಲ ನನ್ನ ಫೋಟೋ ನೋಡುತ್ತಿದೆ ಕಣೆ ಅಕ್ಕ, ಸಮುದ್ರದಾಚೆಯವರಿಗೂ ನಾನು ಗೊತ್ತು ಎನ್ನುವನು. ಎಣ್ಣೆ ಹಾಕಿದೆಯೇನೋ ತಲೆಗೆ ಎನ್ನುವಳು ಆಕೆ. ಆ ವಾರದ ಮಾತು ಅಲ್ಲಿಗೆ ಮುಗಿಯಿತು. ಉಳಿದ ದಿನಗಳಲ್ಲಿ ಅವನು ಆಡುತ್ತಿದ್ದುದು ಎರಡೇ ಮಾತು: ಎಷ್ಟನೇದು, ಮತ್ತು ಬಾಗಿಲು.

ಮೂರನೆಯ ಮಾತೊಂದು ಆಮೇಲೆ ಸೇರಿಕೊಂಡಿತು.

ತಾರಸಿಯಿಂದ ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತಿತ್ತು; ಪಶ್ಚಿಮದ ಕಟ್ಟೆ ಮಾತ್ರ ಮೊಣಕಾಲಿನೆತ್ತರ. ಒಂದು ಸಂಜೆ ಕಂಪ್ಯೂಟರ್ ಕ್ಲಾಸಿನ ಹುಡುಗನೊಬ್ಬ ಮೇಲೆ ಹೋದ. ನೆಗಡಿಯಾಗಿದ್ದವನು, ಲಿಫ್ಟಿನಲ್ಲಿ ಎರಡು ಸಲ ಸೀನಿ, ಸಾರಿ ತಾತ ಎಂದಿದ್ದ. ಸೂರ್ಯನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಫೋನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಆ ದಿನ ತಾತ ಖಾಲಿ ಲಿಫ್ಟಿನಲ್ಲಿ ಕೆಳಗಿಳಿದ. ಮೇಲೆ ಕರೆದೊಯ್ದವನನ್ನು ಕೆಳಗೆ ತರದೇ ಇದ್ದದ್ದು ಅದೊಂದೇ ಸಲ. ಹುಡುಗನ ಕೊನೆಯ ಸೆಲ್ಫಿ ತುಂಬ ಚೆನ್ನಾಗಿ ಬಂದಿತ್ತು. ಊರಿಗೆ ಊರೇ ಮೆಚ್ಚಿ ಹೆಬ್ಬೆರಳು ಒತ್ತಿತು.

ಸೆಕ್ರೆಟರಿ ತಾರಸಿಗೆ ಬೀಗ ಹಾಕಿಸಿದರು. ಹುಡುಗರು ಬೀಗದ ಜೊತೆ ಸೆಲ್ಫಿ ತೆಗೆದುಕೊಂಡರು. ಆಮೇಲೆ ಬೀಗವೇ ಕಾಣೆಯಾಯಿತು. ಕೊನೆಗೆ ಸೂರ್ಯ ಮುಳುಗುವಷ್ಟು ಹೊತ್ತು ಲಿಫ್ಟು ನಿಲ್ಲಿಸಿ ತಾತನೇ ಮೇಲೆ ನಿಲ್ಲಬೇಕೆಂದಾಯಿತು. ಫ್ರೇಮಿಂದ ಆಚೆ ಹೋಗಿ ತಾತ ಎಂದು ಅವರು ಅಟ್ಟಿದಾಗಲೆಲ್ಲ ನೀರಿನ ಟ್ಯಾಂಕಿನ ಮರೆಗೆ ಸರಿದು, ಅಲ್ಲಿಂದಲೇ “ಹಿಂದೆ ನೋಡ್ಕೊಳ್ಳಿ” ಎಂದು ಕೂಗುವನು. ಹುಡುಗರು ಅದನ್ನು ಅವನ ಧ್ವನಿಯಲ್ಲೇ ಅಣಕಿಸಿ ನಗುವರು. ನಗಲಿ, ಕೆಳಗೆ ಇಳಿದು ಹೋಗಿ ನಗಲಿ ಎನ್ನುವುದು ಅವನ ನಿಲುವು.

ಹೀಗಿರುವಾಗ ಅಕ್ಕನಿಗೆ ಮರೆವು ಶುರುವಾಯಿತು. ಮನೆಯವರು ಮಲಗಿದ ಮೇಲೆ ಒಂದೊಂದೇ ಪಾತ್ರೆ ಸಾಗಿಸುವ ಕಳ್ಳನ ಹಾಗೆ, ಮೊದಲು ಬೀದಿಗಳು ಹೋದವು, ಆಮೇಲೆ ನೆರೆಯವರು. ಹೆತ್ತ ಮಗನನ್ನೇ ಅಂಗಡಿಯವನು ಎನ್ನತೊಡಗಿದಳು. ಒಂದು ಭಾನುವಾರ ಫೋನು ಎತ್ತಿದ ಸೊಸೆ ತಡವರಿಸಿದಳು.

“ಮಾವ, ತಪ್ಪು ತಿಳ್ಕೋಬೇಡಿ. ನೀವು ಮಾತಾಡಿ ಫೋನ್ ಇಟ್ಮೇಲೆ, ಯಾರೇ ಅದು ಅಂತ ಕೇಳ್ತಾರೆ. ನಿಮ್ಮದೊಂದು ಫೋಟೋ ಕಳ್ಸಿ. ದಿನಾ ತೋರಿಸ್ತಿದ್ರೆ ಉಳ್ಕೋತೀರೇನೋ.”

ಅದಕ್ಕೇನಂತೆ, ಸಾವಿರಾರಿವೆ ಎಂದ ತಾತ. ಫೋನು ಇಟ್ಟ ಮೇಲೆ ಮಾತ್ರ ಆ ಮಾತಿನ ಅರ್ಥ ಹೊಳೆಯಿತು. ತಮ್ಮ ಎಂದು ಕರೆಯುವ ಬಾಯಿ ಲೋಕದಲ್ಲಿ ಅದೊಂದೇ. ಅಲ್ಲಿಂದಲೂ ಅಳಿಸಿಹೋದರೆ, ಆಮೇಲೆ ಅವನು ಬರೀ ಲಿಫ್ಟಿನ ಒಂದು ಭಾಗ.

ಏಳನೆಯ ಮಹಡಿಯ ಹಲ್ಲಿನ ಡಾಕ್ಟರ ಬಳಿ ಚೀಟಿ ಕೊಡುವ ಹುಡುಗಿ ಹನ್ನೊಂದನೆಯದರಲ್ಲಿ ಬಾಡಿಗೆಗಿದ್ದಳು. ಫೋಟೋಕ್ಕೆಂದು ತುಟಿ ಮುಂದೆ ಚಾಚಿ ಚಾಚಿ ಅದು ಹಾಗೇ ನಿಂತುಬಿಟ್ಟಿದೆ ಎಂದು ತಾತ ಅವಳಿಗಿಟ್ಟ ಹೆಸರು ಕೊಕ್ಕು. ಊರಿಗೆ ಹೊಸಬಳು. ಒಂದೊಂದು ಸಂಜೆ ಹನ್ನೊಂದನೆಯದಕ್ಕೆ ಬಂದರೂ ಇಳಿಯದೆ, ಇನ್ನೊಂದು ಸುತ್ತು ಹೋಗೋಣ ತಾತ ಎನ್ನುವಳು. ಕೋಣೆಯಲ್ಲಿ ಏನಿಲ್ಲ ಎನ್ನುವುದು ಗೊತ್ತಿದ್ದವನು ಏಕೆ ಎಂದು ಕೇಳುತ್ತಿರಲಿಲ್ಲ.

ಅವಳ ಫೋನಿನಲ್ಲಿ ತನ್ನದೊಂದು ಒಳ್ಳೆಯ ಫೋಟೋ ಆರಿಸಿಕೊಡು ಎಂದ. ಕೊಕ್ಕು ಬೆರಳು ಸರಿಸಿದಳು, ಸರಿಸಿದಳು, ಲಿಫ್ಟು ನಾಲ್ಕು ಸಲ ಮೇಲೆ ಕೆಳಗೆ ಹೋಗಿ ಬಂದರೂ ಸರಿಸುತ್ತಲೇ ಇದ್ದಳು. ಆಮೇಲೆ ಮೆತ್ತಗೆ ಫೋನನ್ನು ಅವನ ಮುಂದೆ ಹಿಡಿದಳು. ಎಲ್ಲದರಲ್ಲೂ ತಾತ ಇದ್ದ. ಎಲ್ಲದರಲ್ಲೂ ಅವನ ಬೆನ್ನಿತ್ತು, ಕತ್ತಿತ್ತು, ಕೂದಲು ನರೆತ ಹಿಂದಲೆಯಿತ್ತು. ಮುಖ ಒಂದರಲ್ಲೂ ಇರಲಿಲ್ಲ.

“ನಿಮ್ಮ ತಲೆ ಹಿಂದೆ ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ” ಎಂದಳು, ಸಮಾಧಾನಕ್ಕೆ.

ಕೆಲಸಕ್ಕೆ ಸೇರಿದಾಗಿನ ಗುರುತಿನ ಚೀಟಿಯಲ್ಲಿ ಮುಖವಿತ್ತು. ಬೆವರಿಗೆ ಅಳಿಸಿ ಈಗ ಒಂದು ಕಿವಿ ಉಳಿದಿತ್ತು. ಮೂಲೆಯ ಫೋಟೋ ಸ್ಟುಡಿಯೋ ಮುಚ್ಚಿ ಫೋನಿನ ಕವರು ಮಾರುವ ಅಂಗಡಿಯಾಗಿತ್ತು. ನಾಳೆ ಸಂಜೆ ತಾರಸಿಗೆ ಬನ್ನಿ, ಬೆಳಕು ಚೆನ್ನಾಗಿರುತ್ತದೆ, ನಾವಿಬ್ಬರೂ ಸೆಲ್ಫಿ ತಗೊಳ್ಳೋಣ ಎಂದಳು ಕೊಕ್ಕು.

ಮರುದಿನ ತಾತ ಎರಡು ಸಲ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದ. ಬಿಸಿಲು ಬಂಗಾರದ ಹಾಗಿತ್ತು. ಅವಳು ಫೋನು ಎತ್ತಿ ಹಿಡಿದಳು. ತನ್ನ ಮುಖ ಆ ಗಾಜಿನೊಳಗೆ ಕಂಡದ್ದೇ ತಾತನಿಗೆ ಬೇರೆ ಲೋಕವೇ ಮರೆತುಹೋಯಿತು. ಹುಬ್ಬು ಕೆದರಿದೆ ಎಂದು ಬೆರಳಿಂದ ತಿದ್ದಿಕೊಂಡ. ಒಂದು ಪಕ್ಕಕ್ಕೆ ತಿರುಗಿ ನೋಡಿದ, ಇನ್ನೊಂದು ಪಕ್ಕ ವಾಸಿ ಎನಿಸಿತು. ಅಕ್ಕನಿಗೆ ಹಿಂದಿನ ಬೆಳಕೂ ಕಾಣಲಿ ಎಂದುಕೊಂಡು ಒಂದು ಹೆಜ್ಜೆ ಹಿಂದಿಟ್ಟ. ಸೂರ್ಯ ಇನ್ನೂ ಹೆಗಲಿಗೆ ಬಂದಿರಲಿಲ್ಲ. ಇನ್ನೊಂದು ಹೆಜ್ಜೆ. ಟ್ಯಾಂಕಿನ ಮರೆಯಲ್ಲಿ ನಿಂತು ಹಿಂದೆ ನೋಡ್ಕೊಳ್ಳಿ ಎಂದು ಕೂಗುವವನು ಆ ದಿನ ಅಲ್ಲಿರಲಿಲ್ಲ, ಅವನು ಫೋಟೋದೊಳಗಿದ್ದ.

ಮೊಣಕಾಲ ಹಿಂಬದಿಗೆ ಕಟ್ಟೆ ತಗುಲಿತು. ಆಕಾಶ ಒಮ್ಮೆಗೇ ಕೆಳಗೆ ಬಂತು. ಕೊಕ್ಕು ಯೋಚಿಸಲಿಲ್ಲ, ಗಕ್ಕನೆ ತಿರುಗಿ ಎರಡೂ ಕೈ ಚಾಚಿ ಅವನ ಅಂಗಿಯ ಎದೆಯನ್ನು ಹಿಡಿದುಕೊಂಡಳು. ಎರಡೂ ಕೈ ಬೇಕೆಂದರೆ ಒಂದರಲ್ಲಿದ್ದದ್ದು ಬಿಡಲೇಬೇಕು. ಇಸ್ತ್ರಿ ಅಂಗಿಯ ಗುಂಡಿಗಳೆಲ್ಲ ಹಾರಿದವು, ಇಬ್ಬರೂ ತಾರಸಿಯ ಒಳಮಗ್ಗುಲಿಗೆ ಉರುಳಿದರು. ಆಮೇಲೆ, ಬಹಳ ಹೊತ್ತಾದ ಮೇಲೆ ಎಂಬ ಹಾಗೆ, ಕೆಳಗಿನ ಬೀದಿಯಿಂದ ಟಪ್ಪೆಂದು ಸಣ್ಣದೊಂದು ಸದ್ದು ಬಂತು.

ಇಬ್ಬರೂ ಟ್ಯಾಂಕಿಗೆ ಒರಗಿ ಕೂತರು. ನಿನ್ನ ಫೋನು ಹೋಯಿತಲ್ಲ ಮಗಳೇ ಎಂದ ತಾತ.

“ಹೋಗ್ಲಿ ಬಿಡಿ ತಾತ” ಎಂದಳು ಅವಳು. “ಅದ್ರಲ್ಲಿ ಬರೀ ನಾನೇ ಇದ್ದೆ.”

ಮಾರನೆಯ ದಿನ ಕೊಕ್ಕು ಹಲ್ಲಿನ ಡಾಕ್ಟರ ನರ್ಸಮ್ಮನ ಫೋನು ಎರವಲು ತಂದು, ತಾತನನ್ನು ಅವನ ಮಂಚದ ಮೇಲೆಯೇ ಗೋಡೆಗೆ ಒತ್ತಿ ಕೂರಿಸಿ, ಮುಖದ ಫೋಟೋ ತೆಗೆದಳು. ಸೊಸೆಯ ನಂಬರಿಗೆ ಕಳಿಸುವಾಗ ಅವಸರದಲ್ಲಿ ಹೆಬ್ಬೆರಳು ಜಾರಿ ಇನ್ನೊಂದು ಹಳೆಯ ಫೋಟೋವೂ ಜೊತೆಗೆ ಹೋಯಿತು. ಲಿಫ್ಟಿನ ಕನ್ನಡಿಯಲ್ಲಿ ನರ್ಸಮ್ಮನೂ ಅವಳೂ ಮೂತಿ ಚಾಚಿಕೊಂಡು ನಿಂತದ್ದು.

ಭಾನುವಾರ ಸೊಸೆ ಸುತ್ತಿಬಳಸಿ ಮಾತಾಡಿದಳು. ಫೋಟೋ ಬಂತು, ಚೆನ್ನಾಗಿದೆ, ಅತ್ತೆ ನೋಡಿದರು. ನೋಡಿ ಏನೆಂದಳು ಎಂದು ತಾತ ಪಟ್ಟು ಹಿಡಿದ ಮೇಲೆ ಬಾಯಿಬಿಟ್ಟಳು: ಯಾರೋ ಮುದುಕ, ಬಾಗಿಲು ಹಾಕಿಕೋ ಎಂದರಂತೆ.

ತಾತ ಗುಂಡಿ ಫೋನನ್ನು ಕಿವಿಯಿಂದ ತೆಗೆದು ಅದರ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ನಿಜವೇ. ಅಕ್ಕ ಹುಡುಕುತ್ತಿದ್ದುದು ಹುಡುಗನೊಬ್ಬನನ್ನು; ಆ ಮುಖ ಇವನಿಗೂ ಸಿಕ್ಕಿ ಎಷ್ಟೋ ಕಾಲವಾಗಿತ್ತು. ಇಡುತ್ತೇನಮ್ಮ ಎಂದ.

“ಇಡ್ಬೇಡಿ ಮಾವ. ಇನ್ನೊಂದು ಬಂದಿತ್ತಲ್ಲ, ಇಬ್ರು ಹುಡುಗೀರು ಮೂತಿ ಚಾಚ್ಕೊಂಡಿರೋದು. ಅಳಿಸೋಣ ಅಂತಿದ್ದೆ, ಅತ್ತೆ ಫೋನ್ ಕಿತ್ಕೊಂಡ್ರು. ಹುಡುಗೀರನ್ನ ನೋಡ್ಲೇ ಇಲ್ಲ. ಹಿಂದೆ ಕೂತಿದ್ದೋರ ತಲೆ ಮೇಲೆ ಬೆರಳಿಟ್ಟು, ಎರಡು ಸುಳಿ, ಇವ್ನು ನನ್ನ ತಮ್ಮ, ಮತ್ತೆ ಕೋಪ ಮಾಡ್ಕೊಂಡ್ ಕೂತಿದ್ದಾನೆ ಅಂದ್ರು. ಆವಾಗಿಂದ ಫೋನ್ ಬಿಟ್ಟಿಲ್ಲ. ಎಣ್ಣೆ ಕೇಳ್ತಿದ್ದಾರೆ.”

ಅಂದಿನಿಂದ ಭಾನುವಾರದ ಏರ್ಪಾಡು ಬದಲಾಯಿತು. ಕೊಕ್ಕು ಹೊಸ ಫೋನು ಕೊಂಡ ಮೇಲೆ ಅದನ್ನು ಲಿಫ್ಟಿನ ಕನ್ನಡಿಗೆ ಒರಗಿಸಿ, ಅಕ್ಕನ ಮನೆಗೆ ವಿಡಿಯೋ ಕರೆ ಹಚ್ಚಿ, ತಾನು ಹೊರಗೆ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ತಾತ ಸ್ಟೂಲಿನ ಮೇಲೆ ಫೋನಿಗೆ ಬೆನ್ನು ಹಾಕಿ, ಗುಂಡಿಗಳ ಹಲಗೆಯತ್ತ ಮುಖ ಮಾಡಿ ಕೂರುತ್ತಿದ್ದ. ಹಿಂದಿನಿಂದ ಅಕ್ಕನ ಧ್ವನಿ ಬರುತ್ತಿತ್ತು: ನಿಮ್ಮ ಯಜಮಾನರ ಕೋಪ ಇಳಿಯಿತೇನ್ರಪ್ಪ? ಇಳೀತು ಕಣೆ ಎಂದು ತಾತ ಏಳನೆಯ ಗುಂಡಿಗೆ ಹೇಳುತ್ತಿದ್ದ. ಊಟ ಆಯಿತೇನೋ ಎಂದರೆ ಎಂಟನೆಯದಕ್ಕೆ ಹೂಂಗುಡುತ್ತಿದ್ದ.

ಒಂದೇ ಒಂದು ಸಲ ಅವನಿಗೆ ಅಕ್ಕನ ಮುಖ ನೋಡಬೇಕೆನಿಸಿತು. ಮೆಲ್ಲಗೆ ತಿರುಗಿದ. ಅಂಗೈಯಗಲದ ಗಾಜಿನಲ್ಲಿ ಪುಟ್ಟ ಮುದುಕಿಯೊಬ್ಬಳು, ಎಣ್ಣೆ ಬಟ್ಟಲು ಹಿಡಿದುಕೊಂಡು ಕೂತಿದ್ದಳು. ಅವಳ ನಗು ಅಲ್ಲೇ ನಿಂತಿತು.

“ಯಾರ್ರೀ ನೀವು? ನನ್ನ ತಮ್ಮ ಇಲ್ಲೇ ಕೂತಿದ್ದ, ಎಲ್ಲಿ ಕಳ್ಸಿದ್ರಿ ಅವ್ನನ್ನ?”

ತಾತ ಸರಕ್ಕನೆ ಗುಂಡಿಗಳತ್ತ ತಿರುಗಿಕೊಂಡ. ಬಂದೆಯೇನೋ ಎಂದಳು ಅಕ್ಕ. ಬಂದೆ ಎಂದ.

ಹೀಗೇ ಒಂದು ಭಾನುವಾರ ಸೆಕ್ರೆಟರಿ ಲಿಫ್ಟಿನ ಬಳಿ ಬಂದರು. ಜಾಲರಿಯ ಆಚೆಯಿಂದ ನೋಡಿದರೆ ತಾತ ಹಿತ್ತಾಳೆ ಗುಂಡಿಗಳ ಮುಂದೆ ಕೂತು ನಗುತ್ತಿದ್ದಾನೆ, ತಲೆಗೆ ಎಣ್ಣೆ ಹಾಕಿಕೊಂಡೆ ಎಂದು ಆಣೆ ಮಾಡುತ್ತಿದ್ದಾನೆ. ಅವರು ಲೊಚಗುಟ್ಟಿದರು.

“ಏನ್ರೀ ಇದು, ಗೋಡೆ ಜೊತೆ ಮಾತಾಡೋಕೆ ಶುರು ಮಾಡಿದ್ರಾ? ಅದಕ್ಕೇ ಹೇಳೋದು, ಹಿಂದೆ ಮುಂದೆ ಯಾರೂ ಇಲ್ಲದೋರ ಗತಿ ಹೀಗೇ ಅಂತ.”

ತಾತ ತಲೆ ಅಲುಗಿಸಲಿಲ್ಲ. ಸುಳಿಗಳು ಕದಲದಂತೆ, ಕತ್ತು ನೆಟ್ಟಗಿಟ್ಟುಕೊಂಡೇ ಉತ್ತರ ಕೊಟ್ಟ.

“ಮುಂದೆ ಯಾರೂ ಇಲ್ಲ ಸ್ವಾಮಿ, ಒಪ್ಕೊಂಡೆ. ಹಿಂದೆ ಇದ್ದಾಳೆ. ತಿರುಗಿ ನೋಡಿದ್ರೆ ಮಾತ್ರ ಇರಲ್ಲ.”