ತೋರಿಸದೇ ಇರಲಾರದ ವೈಜಿನಾಥಪ್ಪ

ವೈಜಿನಾಥಪ್ಪ ಸಾವಕಾರರ ಬಾಯಿಗಿಂತ ಅವರ ಕೈಗಳು ಹೆಚ್ಚು ಮಾತಾಡುತ್ತಿದ್ದವು. ಬೇರಿಂಗ್ ಅಂದರೆ ಎರಡೂ ಅಂಗೈ ಕೂಡಿ ಗುಂಡಗಾಗುತ್ತಿದ್ದವು. ಗೇರ್ ಅಂದರೆ ಬೆರಳುಗಳು ಒಂದರೊಳಗೊಂದು ಸಿಕ್ಕಿ ಗರಗರ ತಿರುಗುತ್ತಿದ್ದವು. ಫೋನಿನಲ್ಲಿಯೂ ಅದೇ ಕಥೆ. ಆಚೆಯವರಿಗೆ ಕಾಣುವುದಿಲ್ಲ ಎಂಬ ಖಬರೇ ಇಲ್ಲದೆ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಗಾಳಿಯಲ್ಲೇ ಇಡೀ ಸಾಮಾನು ಕೆತ್ತಿ ನಿಲ್ಲಿಸುತ್ತಿದ್ದರು. ಇಂಥವರಿಂದ ದೇಶದ ಗುಟ್ಟು ಕಾಪಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವರ ಮನೆ ಬಸವಕಲ್ಯಾಣದಲ್ಲಿ, ಕಾರ್ಖಾನೆ ಹುಮನಾಬಾದಿನಲ್ಲಿ. ಹಳ್ಳಿಖೇಡದವಳಾದ ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಅಳತೆ ನೋಡುವ ಕೆಲಸಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಕಲ್ಯಾಣದಿಂದ ಬರುವಾಗ ಸಾವಕಾರರ ಜೀಪಿನಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಬಸ್ಸು ತಪ್ಪಿದವರು, ವಿಮೆ ಮಾರಲು ಬಂದವರು, ಕಬ್ಬಿನ ಲಾರಿ ಕೆಟ್ಟು ನಿಂತ ಡ್ರೈವರು, ಹೀಗೆ ಯಾರೇ ಆಗಲಿ. "ಐದ ಮಿನಿಟ್ರಿ, ನಮ್ಮ ಮಿಷಿನ್ ನೋಡಿ ಹೋಗ್ರಿ" ಎಂದು ಕರೆತಂದು ಎರಡು ತಾಸು ತೋರಿಸುತ್ತಿದ್ದರು. ಒಮ್ಮೆ ಕಲ್ಯಾಣಕ್ಕೆ ದರ್ಶನಕ್ಕೆಂದು ಬಂದ ಲಾತೂರಿನ ಹೆಣ್ಣುಮಕ್ಕಳ ಗುಂಪನ್ನೇ ಕರೆತಂದಿದ್ದರು. ಇದೂ ಒಂದು ಪುಣ್ಯಸ್ಥಾನವಿರಬೇಕು ಎಂದುಕೊಂಡ ಅವರು ಮಿಷಿನ್ ಮುಂದೆ ಕಾಯಿ ಒಡೆದು, ಕೈಮುಗಿದು ಹೋದರು.

ಇಪ್ಪತ್ತು ವರ್ಷ ಸಾವಕಾರರು ಸಕ್ಕರೆ ಕಾರ್ಖಾನೆಗಳ ಬಿಡಿಭಾಗಗಳನ್ನೇ ಮಾಡಿದವರು. ಆಮೇಲೆ ಹೊಸ ಮಿಷಿನ್ ತಂದರು. ಹೈದರಾಬಾದಿನಲ್ಲಿ ಸೈನ್ಯಕ್ಕೆ ಸಾಮಾನು ಮಾಡುವ ಒಂದು ಕಂಪನಿ, ಇವರ ಮಾದರಿಗಳನ್ನು ಎಷ್ಟೋ ಸಲ ತಿರಸ್ಕರಿಸಿ ಕೊನೆಗೆ ಒಂದೇ ಒಂದು ಬಿಡಿಭಾಗದ ಕೆಲಸ ಕೊಟ್ಟಿತು. ಅಂಗೈಯಷ್ಟಿತ್ತು ಎಂದು ಬರೆಯಲು ಹೊರಟು ತಡೆದುಕೊಂಡೆ. ಎಷ್ಟಿತ್ತು, ಹೇಗಿತ್ತು ಎಂದು ಈಗಲೂ ನಾನು ಬರೆಯುವಂತಿಲ್ಲ. ಮೊದಲನೆಯದು ಸರಿಯಾದ ಅಳತೆಗೆ ಬಂದ ದಿನ ಸಾವಕಾರರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು, "ನಮ್ಮ ಹುಮನಾಬಾದದಾಗ ಹುಟ್ಟ್ಯದವ್ವಾ ಇದು" ಎಂದು ಕಣ್ಣು ತುಂಬಿಕೊಂಡಿದ್ದರು.

ಹಿಂದೆಯೇ ಕಂಪನಿಯ ಪತ್ರ ಬಂತು. ರಕ್ಷಣೆಗೆ ಸಂಬಂಧಿಸಿದ ಇಂಥ ತಂತ್ರಜ್ಞಾನ ಪರವಾನಗಿ ಇಲ್ಲದೆ ದೇಶದ ಹೊರಗೆ ಹೋಗಬಾರದು, ಹೋಗದಂತೆ ನೀವು ಏನೇನು ಮಾಡುತ್ತೀರಿ ಎಂದು ಲಿಖಿತ ಯೋಜನೆ ಕೊಡಿ, ಅದು ಒಪ್ಪಿಗೆಯಾಗದಿದ್ದರೆ ನಕ್ಷೆಗಳನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದಿತ್ತು. ಇಂಗ್ಲಿಷ್ ಪತ್ರ ಓದಿ ಹೇಳಿದ ತಪ್ಪಿಗೆ ಯೋಜನೆ ಬರೆಯುವ ಕೆಲಸವೂ ನನಗೇ ಬಿತ್ತು.

"ಎಕ್ಸ್‌ಪೋರ್ಟ್ ಅಂದ್ರ ಹಡಗ ಬೇಕವ್ವಾ" ಎಂದರು ಸಾವಕಾರರು ನಗುತ್ತಾ. "ನಮ್ಮಲ್ಲಿ ಎಲ್ಲದ ಹಡಗ? ಚುಳಕಿನಾಲಾ ಹಳ್ಳದಾಗ ತೇಲಸ್ಲೇನು?"

"ಹಡಗ ಬ್ಯಾಡ್ರಿ ಸಾವಕಾರ್ರ. ನಕ್ಷಿ ಮೇಲ್ ಮಾಡಿದ್ರೂ ಎಕ್ಸ್‌ಪೋರ್ಟೇ, ಫೋಟೊ ಕಳ್ಸಿದ್ರೂ ಎಕ್ಸ್‌ಪೋರ್ಟೇ. ಹೊರದೇಶದವ್ರ ಮುಂದ ಬಾಯಿಲೇ ಹೇಳಿದ್ರೂ ಎಕ್ಸ್‌ಪೋರ್ಟೇರಿ."

"ಬಾಯಿಲೇ?" ಅವರ ನಗು ನಿಂತಿತು. "ಕೈಲೇ ಹೇಳಿದ್ರ?" ಎಂದರು.

"ಅದೂ ಅಷ್ಟೇರಿ."

ಅವರು ತಮ್ಮ ಎರಡೂ ಕೈಗಳನ್ನು ಹಿಂದೆಮುಂದೆ ತಿರುಗಿಸಿ, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡರು.

ಹದಿನೈದು ದಿನ ಕೂತು ಬರೆದೆ. ನಕ್ಷೆ ನೋಡಬಹುದಾದವರ ಪಟ್ಟಿ, ನಕ್ಷೆಗಳಿಗೆ ಕೀಲಿ ಹಾಕಿದ ಕಪಾಟು, ಇಂಟರ್‌ನೆಟ್ ಇಲ್ಲದ ಒಂದು ಕಂಪ್ಯೂಟರು. ಹೊಸ ಮಿಷಿನ್ ಸುತ್ತ ಗೋಡೆ. ಫೋನುಗಳು ಗೇಟಿನಲ್ಲೇ ಠೇವಣಿ. ಕೆಟ್ಟ ಸಾಮಾನನ್ನು ಗುರುತು ಸಿಗದಂತೆ ಕತ್ತರಿಸಿಯೇ ಗುಜರಿಗೆ ಹಾಕುವುದು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು, ಅವರು ಯಾರೇ ಇರಲಿ, ಕಾವಲುಗಾರ ಮಾಣಿಕಪ್ಪ ಒಳಗೆ ಬಿಡತಕ್ಕದ್ದಲ್ಲ. ಕೊನೆಗೆ 'ಗುಟ್ಟು ಎಲ್ಲೆಲ್ಲಿಂದ ಸೋರಬಹುದು' ಎಂಬ ಭಾಗ ಬಂತು. ಪ್ರಾಮಾಣಿಕವಾಗಿ ಯೋಚಿಸಿ, ಎದೆ ಗಟ್ಟಿಮಾಡಿಕೊಂಡು, ಮೊದಲನೇ ಸಾಲಿನಲ್ಲಿ 'ಮಾಲೀಕರು' ಎಂದು ಬರೆದೆ.

ನೌಕರಿ ಹೋಯಿತು ಎಂದೇ ತಿಳಿದಿದ್ದೆ. ಸಾವಕಾರರು ಆ ಸಾಲನ್ನು ಓದಿ ಕುರ್ಚಿಯಿಂದ ಜಾರುವಷ್ಟು ನಕ್ಕರು. ಚಹಾದ ಹೊತ್ತಿಗೆ ಎಲ್ಲರನ್ನೂ ಕೂಡಿಸಿ, "ಕೇಳ್ರಪಾ, ಈ ಕಾರಖಾನಿಗಿ ದುಷ್ಮನ್ ಯಾರು ಅಂತ ಈಕಿ ಹಿಡದಾಳ" ಎಂದು ಗಟ್ಟಿಯಾಗಿ ಓದಿ ಹೇಳಿದರು. ಮಾಣಿಕಪ್ಪನೊಬ್ಬ ನಗಲಿಲ್ಲ. ಘಾಟಬೋರಾಳದ ಕುರಿ ಸಾಕುವ ಮನೆತನದ ಅವನು, ಹಿಂಡಿನಲ್ಲಿ ಹೊಸ ಕುರಿ ಹೊಕ್ಕರೆ ದೂರದಿಂದಲೇ ಹೇಳುವವನು. "ಬರದದ್ದು ಖರೇ ಅದರಿ" ಎಂದಷ್ಟೇ ಅಂದ.

ದಸರೆ ಬಂತು. ಆಯುಧ, ಮಿಷಿನ್ ಪೂಜಿಸುವ ಖಂಡೇಪೂಜೆಯ ದಿನ ನಾನು ಊರಿಗೆ ಹೋಗಿದ್ದೆ. ಮರುದಿನ ಬಂದಾಗ ಸಾವಕಾರರು ಸಂಭ್ರಮದಿಂದ ತಮ್ಮ ಫೋನು ತೋರಿಸಿದರು. ಹೊಸ ಮಿಷಿನ್‌ಗೆ ಬಾಳೆಕಂಬ, ಅದರ ಮುಂದೆ ತಾಟು, ತಾಟಿನಲ್ಲಿ ವಿಭೂತಿ ಬಳಿದುಕೊಂಡು ಕೂತ ನಮ್ಮ ಗುಟ್ಟಿನ ಸಾಮಾನು. ಪಕ್ಕದಲ್ಲಿ ಸಾವಕಾರರು. ಗೇಟಿನ ನಿಯಮ ಪೂಜೆಗಲ್ಲ ಎಂದು ಫೋನನ್ನು ಒಳಗೊಯ್ದು ತೆಗೆಸಿದ ಆ ಫೋಟೊವನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಆ ಗುಂಪಿನಲ್ಲಿ ಮಸ್ಕತ್ತಿನಲ್ಲಿರುವ ಅವರ ಹೆಂಡತಿಯ ತಮ್ಮನೂ ಇದ್ದ. 'ಮಸ್ತ್' ಎಂದು ಹೆಬ್ಬೆರಳು ಬೇರೆ ಎತ್ತಿದ್ದ.

ನಮ್ಮ ಕಾರ್ಖಾನೆಯ ಮೊದಲ ಎಕ್ಸ್‌ಪೋರ್ಟ್ ಹೀಗೆ ನಡೆಯಿತು.

ತಪ್ಪಾದರೆ ತಿಳಿದ ದಿನವೇ ಕಂಪನಿಗೆ ಹೇಳಬೇಕು ಎಂದು ಯೋಜನೆಯಲ್ಲಿ ಬರೆದವಳು ನಾನೇ. ಆದರೂ ಹೇಡಿಯ ಹಾಗೆ, "ಸುಮ್ಮ ಅಳಸಿಬಿಡ್ರಿ, ಯಾರಿಗಿ ತಿಳೀತದ" ಎಂದೆ.

"ಇಲ್ಲವ್ವಾ" ಎಂದರು ಸಾವಕಾರರು. ಮುಖದಲ್ಲಿ ಎಂದಿನ ಹುಡುಗಾಟಿಕೆ ಇರಲಿಲ್ಲ. "ಬರದದ್ದು ಬರದಂಗ ಮಾಡೂದು. ತಪ್ಪ ಮಾಡಿದಂವ ನಾನು, ನಾನೇ ಹೇಳ್ತೀನಿ."

ಹೇಳಿದರು. ಕಂಪನಿಯವರು ಫೋಟೊ ಇರುವ ಫೋನನ್ನೇ ತರಿಸಿಕೊಂಡರು. ಎರಡು ದಿನ ಸುದ್ದಿಯಿಲ್ಲ. ಸಾವಕಾರರು ಊಟ ಬಿಟ್ಟು ಮಿಷಿನ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನಕ್ಷೆ ವಾಪಸು ಹೋದರೆ ಮತ್ತೆ ಸಕ್ಕರೆ ಕಾರ್ಖಾನೆಯ ರೋಲರು, ಬುಶ್ಶು. "ಅದೂ ಕೆಲಸೇ ಹೌದು, ಆದ್ರ ಇದು ಬ್ಯಾರೆ ಇತ್ತವ್ವಾ" ಎಂದು ಹೇಳುವಾಗ ಅವರ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅವು ಹಾಗೆ ಬಿದ್ದದ್ದನ್ನು ನಾನು ಅದೇ ಮೊದಲು ನೋಡಿದೆ.

ಮೂರನೇ ದಿನ ಕಂಪನಿಯ ಅಧಿಕಾರಿ ಫೋನ್ ಮಾಡಿದರು. "ಈ ಫೋಟೊದಲ್ಲಿ ನಮ್ಮ ಬಿಡಿಭಾಗ ಎಲ್ಲಿದೆ?" ಎಂದು ಕೇಳಿದರು. ಅಲ್ಲಿ ಕಂಡದ್ದು ಚೆಂಡುಹೂವು, ವಿಭೂತಿ, ಅರ್ಧ ತೆಂಗಿನಕಾಯಿ ಮತ್ತು ಸಾವಕಾರರ ಹಲ್ಲುಗಳು ಮಾತ್ರ. ಪೂಜೆ ಎಷ್ಟು ಭಕ್ತಿಯಿಂದ ಆಗಿತ್ತೆಂದರೆ ಸಾಮಾನು ಪೂರ್ತಿ ಮುಚ್ಚಿಹೋಗಿತ್ತು. ಈ ಸಲ ಬಿಟ್ಟಿದ್ದೇವೆ, ಆದರೆ ತಪಾಸಣೆಗೆ ನಾನೇ ಬರುತ್ತೇನೆ ಎಂದರು ಅಧಿಕಾರಿ.

ಶುರುವಾಯಿತು ತಾಲೀಮು. ಯಾರಾದರೂ ಕೇಳಿದರೆ ಸಕ್ಕರೆ ಮಿಷಿನ್‌ನ ಸಾಮಾನು ಎಂದುಬಿಡಿ ಅಂದೆ. ಸಾವಕಾರರು ಒಪ್ಪಲಿಲ್ಲ. "ಸುಳ್ಳ ಹೇಳಂಗಿಲ್ಲ. ಹೇಳಿದ್ರೂ ನನ್ನ ಮಾರಿ ಮ್ಯಾಲ ಎದ್ದ ಕಾಣ್ತದ." ಸರಿ, ಹೇಳಲು ಇಜಾಜತ್ ಇಲ್ಲ ಎಂದಾದರೂ ಹೇಳಿ ಎಂದೆ. ಅದನ್ನು ಬಾಯಿ ಸರಿಯಾಗಿಯೇ ಹೇಳಿತು. ಆದರೆ ಹೇಳುತ್ತಿರುವಾಗಲೇ ಕೈಗಳು ಮೇಲೆದ್ದು ಆ ಸಾಮಾನಿನ ಉದ್ದ, ಅಗಲ, ನಡುವಿನ ತೂತನ್ನೂ ಗಾಳಿಯಲ್ಲಿ ಬರೆದುಬಿಟ್ಟವು. ಕಿಸೆಯಲ್ಲಿ ಇಟ್ಟುಕೊಂಡರೆ ಕಿಸೆಯೇ ಕುಣಿಯಿತು. ಬೆನ್ನ ಹಿಂದೆ ಕಟ್ಟಿಕೊಂಡರೆ ಹಿಂದೆ ನಿಂತ ಮಾಣಿಕಪ್ಪ, "ಎಲ್ಲಾ ತಿಳೀತ್ರಿ" ಎಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಉಪಾಯ ಕೊನೆಗೆ ಅವರ ಬಾಯಿಂದಲೇ ಬಂತು. ಕಾರ್ಖಾನೆಯಲ್ಲಿ ಎಲ್ಲರೂ ಕೂಡಿ ಊಟ ಮಾಡುತ್ತಿದ್ದೆವು. ಒಂದು ದಿನ ಸಾವಕಾರರು ರೊಟ್ಟಿಯ ಬುಟ್ಟಿ ಹಿಡಿದು ಬಡಿಸುತ್ತಿದ್ದಾಗ ನಾನು ತಟ್ಟನೆ, "ಹೊಸಾ ಸಾಮಾನು ಹ್ಯಾಂಗದರಿ ಸಾವಕಾರ್ರ?" ಎಂದು ಕೇಳಿದೆ. ಕೈಗಳು ಎದ್ದವು, ಬುಟ್ಟಿ ಭಾರವಾಗಿತ್ತು, ಮತ್ತೆ ಇಳಿದವು. ಬಾಯಿ ತಾನಾಗಿ, "ಅದ್ ಬಿಡ್ರಿ, ಊಟಾ ಆಯ್ತೇನ್ರಿ?" ಎಂದಿತು. ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸುಳ್ಳಲ್ಲ, ಗುಟ್ಟೂ ಹೋಗಲಿಲ್ಲ, ಯಾರಿಗೂ ಅವಮಾನವಿಲ್ಲ.

ತಪಾಸಣೆಯ ದಿನ ಅಧಿಕಾರಿ ಕಪಾಟು, ಕೀಲಿ, ರಿಜಿಸ್ಟರು ಎಲ್ಲ ನೋಡಿದರು. ಸಣ್ಣ ಮುಖ, ನಗು ಕಡಿಮೆ. ಮಧ್ಯಾಹ್ನ ಅವರು ನನ್ನ ಮುಂದೆ ಕೂತು ಯೋಜನೆ ಓದುತ್ತಿದ್ದಾಗ ಗೇಟಿನಲ್ಲಿ ಒಂದು ಟೆಂಪೊ ಬಂದು ನಿಂತಿತು. ಇಳಿದವರು ಕೊಡಂಬಲದ ಬೀಗರು, ಸಾವಕಾರರ ಹಿರಿಯ ಮಗಳ ಅತ್ತೆಮನೆಯವರು, ಹನ್ನೆರಡು ಮಂದಿ. ನಾನು ಎದ್ದು ಕಿಟಕಿಗೆ ಓಡಿದೆ.

"ಮದವಿಯಾದಾಗಿಂದ ತೋರಸ್ತೀನಿ ತೋರಸ್ತೀನಿ ಅಂತಿದ್ರಿ ಬೀಗರ" ಎಂದರು ಹಿರಿಯ ಬೀಗರು. "ಇವತ್ತ ನೋಡೇ ಹೋಗವ್ರ ನಾವು."

ಊಟ ಬಡಿಸಲು ಹೊರಟಿದ್ದ ಸಾವಕಾರರು ರೊಟ್ಟಿಯ ಬುಟ್ಟಿ ಸಮೇತ ಗೇಟಿಗೆ ಓಡಿದ್ದರು. ತೋರಿಸುವ ಆಸೆ ಅವರ ಬೆನ್ನಿನಲ್ಲೂ ಕಾಣುತ್ತಿತ್ತು. ಬುಟ್ಟಿ ಒಮ್ಮೆ ಮೇಲಕ್ಕೆದ್ದು ಕೆಳಗಿಳಿಯಿತು.

"ಅದ್ ಬಿಡ್ರಿ, ಊಟಾ ಆಯ್ತೇನ್ರಿ?"

"ಊಟಾ ಮಾಡೇ ಬಂದೀವ್ರಿ."

ಇದಕ್ಕೆ ನಾವು ತಾಲೀಮು ಮಾಡಿರಲಿಲ್ಲ.

"ಹಂಗಾದ್ರ ಇನ್ನೊಮ್ಮಿ ಮಾಡ್ರಿ!" ಎಂದರು ಸಾವಕಾರರು.

ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ನಮ್ಮೆಲ್ಲರ ಊಟ ಬೀಗರ ಹೊಟ್ಟೆಗೆ ಹೋಯಿತು. ಸಾವಕಾರರು ಯಾರಿಗೂ ಮಾತಾಡಲು ಬಾಯಿ ಖಾಲಿ ಬಿಡಲಿಲ್ಲ, ತಮ್ಮ ಕೈಯಿಂದ ಬುಟ್ಟಿ ಇಳಿಸಲಿಲ್ಲ. ಬೀಗರು ಎರಡನೇ ಊಟ ಮುಗಿಸಿ, ಒಳಗೆ ಕಾಲಿಡದೆಯೇ ಖುಷಿಯಾಗಿ ಟೆಂಪೊ ಹತ್ತಿದರು.

ಅಧಿಕಾರಿ ಎಲ್ಲವನ್ನೂ ಕಿಟಕಿಯಿಂದ ನೋಡಿದ್ದರು. ಅವರು ಯೋಜನೆಗೆ ಸಹಿ ಹಾಕುವ ಮೊದಲು, 'ಮಾಲೀಕರು' ಎಂಬ ಸಾಲನ್ನು ತೆಗೆಯಬೇಕೆ ಎಂದು ಕೇಳಿದೆ. "ಇರಲಿ" ಎಂದರು. ಆಗ ಮಾತ್ರ ಸ್ವಲ್ಪ ನಕ್ಕರು.

ಕೆಲ ವರ್ಷಗಳಾದ ಮೇಲೆ ಎದೆನೋವು ಬಂದು ಸಾವಕಾರರು ಮನೆಯಲ್ಲೇ ಉಳಿದರು. ಕಿರಿಯ ಮಗಳು ಸವಿತಾ ಕಾರ್ಖಾನೆ ವಹಿಸಿಕೊಂಡಳು. ಕೆಲಸ ಬಿಟ್ಟವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂಬ ನಿಯಮವೂ ನಾನೇ ಬರೆದದ್ದು. ಅವರ ಹೆಸರು ಹೊಡೆಯಲು ನನಗೆ ಕೈ ಬರಲಿಲ್ಲ. ನೋಡಲು ಕಲ್ಯಾಣದ ಮನೆಗೆ ಹೋದಾಗ ಅವರೇ ಪಟ್ಟಿ ಕೇಳಿ ತೆಗೆದುಕೊಂಡು, ಪೆನ್ನು ಎಳೆದು, "ಮ್ಯಾಲಿನ ಹೆಸರ ಮೊದಲ ಹೋಗಬೇಕವ್ವಾ" ಎಂದರು.

ಅವರನ್ನು ಕೊನೆಯ ಸಲ ಕಂಡದ್ದು ಅದೇ ಗೇಟಿನಲ್ಲಿ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿದರು. ಮಾಣಿಕಪ್ಪ ಎದ್ದು ಕೈಮುಗಿದ, ಗೇಟು ಮಾತ್ರ ತೆಗೆಯಲಿಲ್ಲ. "ಪಟ್ಟಿಯಾಗ ಹೆಸರಿಲ್ಲರಿ ಸಾವಕಾರ್ರ" ಎಂದವನ ಕಣ್ಣು ಒದ್ದೆಯಾಗಿತ್ತು. ಸಾವಕಾರರು ಅವನ ಬೆನ್ನು ಗುದ್ದಿ ಗುದ್ದಿ, "ಶಹಬ್ಬಾಸ್ ಮಗನ, ಪಾಸಾದಿ!" ಎಂದು ಕೇಕೆ ಹಾಕಿದರು. ನಾನು ಚಹಾ, ಚುರುಮುರಿಯ ಸುಸಲಾ ತಂದೆ. ಬೇವಿನ ಗಿಡದ ಕೆಳಗೆ ಕೂತೆವು. ಒಳಗಿನ ಮಿಷಿನ್ ಸದ್ದಿಗೆ ಕಿವಿಗೊಟ್ಟು ಕೂತವರು, ಮೆಲ್ಲಗೆ ನನ್ನ ಕಡೆ ಬಾಗಿ, ನಿಜವಾದ ಆಸೆಯಿಂದ ಕೇಳಿದರು.

"ಹೊಸಾದೊಂದು ಬಂದದಂತಲ್ಲವ್ವಾ. ಹ್ಯಾಂಗದ ಅದು?"

ಹೇಳಬೇಕು ಎಂದು ಜೀವ ಒದ್ದಾಡಿತು. ಈ ಭೂಮಿಯ ಮೇಲೆ ಅದನ್ನು ಕೇಳುವ ಹಕ್ಕು ಅವರಿಗಲ್ಲದೆ ಇನ್ನಾರಿಗಿತ್ತು? ನನಗೆ ಅರಿವಿಲ್ಲದೆಯೇ ನನ್ನ ಎರಡೂ ಕೈಗಳು ಮೇಲೇಳುತ್ತಿದ್ದವು. ಅವರು ಅವನ್ನೇ ನೋಡುತ್ತಿದ್ದರು. ನಾನು ತಟ್ಟನೆ ಸುಸಲಾದ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದೆ.

"ಅದ್ ಬಿಡ್ರಿ ಸಾವಕಾರ್ರ, ಊಟಾ ಆಯ್ತೇನ್ರಿ?"